ಹೂಂ ಅನ್ನುವವರು ಬೇಕು

ಚಿಕ್ಕವರಿದ್ದಾಗ ಅಜ್ಜಿಯ ಹತ್ತಿರ ಕಥೆ ಕೇಳಿದ್ದು ನೆನಪಿದೆಯೇ? ರಾತ್ರಿ ಊಟ ಆಗಿರುತ್ತಿತ್ತು. ಚಾಪೆ ಹಾಸಿರುತ್ತಿತ್ತು. "ಒಂದೂರಲ್ಲಿ ಒಬ್ಬ ರಾಜ ಇದ್ದ" ಅಂತ ಅಜ್ಜಿ ಶುರು ಮಾಡೋರು. ನಾವು "ಹೂಂ" ಅನ್ನಬೇಕು. "ಅವನಿಗೆ ಏಳು ಜನ ಹೆಂಡಿರು." "ಹೂಂ." ನಮ್ಮ ಹೂಂ ನಿಂತರೆ ಅಜ್ಜಿಯ ಕಥೆಯೂ ನಿಲ್ಲುತ್ತಿತ್ತು. "ಮಲಗಿಬಿಟ್ರಾ?" ಅಂತ ಕೇಳೋರು.

ನಮ್ಮ ಅಜ್ಜಿ ಬಲು ಜಾಣೆ. ನಾವು ಬಾಯಲ್ಲಿ ಮಾತ್ರ ಹೂಂ ಅಂತೀವೋ, ಮನಸ್ಸಿಟ್ಟು ಅಂತೀವೋ ಅಂತ ಪರೀಕ್ಷೆ ಮಾಡೋರು. ಕಥೆ ನಡುವೆ "ರಾಜ ಬೀಸೋ ಕಲ್ಲು ನುಂಗಿ ನೀರು ಕುಡಿದ" ಅನ್ನೋರು. ನಾವು ನಿದ್ದೆಗಣ್ಣಲ್ಲಿ "ಹೂಂ" ಅಂದುಬಿಡುತ್ತಿದ್ದೆವು. "ಬೀಸೋ ಕಲ್ಲು ನುಂಗಿದ್ನಂತೆ, ಹೂಂ ಅಂತಾವಲ್ಲ!" ಅಂತ ಅಜ್ಜಿ ನಗೋರು. ಉಳಿದ ಕಥೆ ನಾಳೆಗೆ.

ಉತ್ತರ ಕರ್ನಾಟಕದ ಕಡೆ ಗೊಂದಲಿಗರು ಇದ್ದಾರೆ. ರಾತ್ರಿಯೆಲ್ಲ ಕಥೆ ಹೇಳುತ್ತಾರೆ. ಮುಖ್ಯ ಕಥೆಗಾರ ಒಬ್ಬನೇ. ಆದರೆ ಅವನು ಒಬ್ಬನೇ ನಿಲ್ಲುವುದಿಲ್ಲ. ಸಂಬಾಳ ಬಾರಿಸುವವರು, ಚೌಡಿಕೆ ನುಡಿಸುವವರು ಜೊತೆಗೆ ಇರುತ್ತಾರೆ. ಅವರಲ್ಲಿ ಒಬ್ಬ ನಡುನಡುವೆ ಮಾತು ಸೇರಿಸುತ್ತಾನೆ. "ಮುಂದೇನಾತು?" ಅಂತ ಕೇಳುತ್ತಾನೆ. ತಮಾಷೆಯನ್ನೂ ಮಾಡುತ್ತಾನೆ. ಅವನಿಲ್ಲದಿದ್ದರೆ ಕಥೆಗಾರನಿಗೆ ಉಸಿರು ಕಟ್ಟುತ್ತದೆ.

ನಮ್ಮ ಕನ್ನಡದಲ್ಲಿ 'ಕೇಳು' ಅನ್ನುವ ಪದಕ್ಕೆ ಎರಡು ಅರ್ಥ ಇದೆ. ಕಥೆ ಕೇಳು ಅಂದರೆ ಕಿವಿಗೊಡು ಎಂದು ಅರ್ಥ. ದಾರಿ ಕೇಳು ಅಂದರೆ ಪ್ರಶ್ನೆ ಮಾಡು ಎಂದು ಅರ್ಥ. ಎರಡಕ್ಕೂ ಒಂದೇ ಪದ. ಬರೀ ಕಿವಿ ತೆರೆದು ಕುಳಿತರೆ ಅರ್ಧ ಕೇಳಿದ ಹಾಗೆ. ಒಂದು ಹೂಂ ಬೇಕು. ಒಂದು 'ಆಮೇಲೆ?' ಬೇಕು.

ಇದನ್ನೆಲ್ಲ ನಾವು ದೊಡ್ಡದಾಗಿ ಹೇಳುತ್ತಿದ್ದೇವೆ. ಆದರೆ ನಾವೇ ಇದನ್ನು ತಪ್ಪಿದವರು. ಅದನ್ನು ಮೊದಲು ಹೇಳಿಬಿಡುತ್ತೇವೆ.

ದೊಡ್ಡಕ್ಕ ಬರಲಿಲ್ಲ

ನಾವು ಹಗಲು ಶಾಲೆಯಲ್ಲಿ ಮಕ್ಕಳಿಗೆ ಪಾಠ ಮಾಡುತ್ತೇವೆ. ಸಂಜೆ ಕಲಿಕಾ ಕೇಂದ್ರದಲ್ಲಿ ಸ್ವಯಂಸೇವಕರು. 2023ರ ಕೊನೆಯಲ್ಲಿ ನಮ್ಮ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಿದ್ದರು. ವಯಸ್ಸು ಐವತ್ತರ ಹತ್ತಿರ. ಎಲ್ಲರೂ ಅವರನ್ನು ದೊಡ್ಡಕ್ಕ ಅನ್ನುತ್ತಿದ್ದೆವು. ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಸ್ಲೇಟಿನ ಮೇಲೆ ದೊಡ್ಡ ಅಕ್ಷರ ಚೆನ್ನಾಗಿ ಬರೆಯುತ್ತಿದ್ದರು. ಪುಸ್ತಕ ಕೊಟ್ಟ ಮೇಲೆ ಹಿಂದೆ ಬಿದ್ದರು. ಒಂದು ಸಂಜೆ ಹೇಳಿದರು:

"ಟೀಚರಮ್ಮ, ಈ ಅಕ್ಷರ ಎಲ್ಲ ಇರುವೆ ಹರಿದಂಗೆ ಹರೀತವೆ."

ನಾವು ತಕ್ಷಣ ಹೇಳಿದೆವು: "ಮೊದಮೊದಲು ಎಲ್ಲರಿಗೂ ಹಾಗೇ ದೊಡ್ಡಕ್ಕ. ದಿನಾ ಬರೆಯಿರಿ, ರೂಢಿ ಆಗುತ್ತೆ."

ಅವರು ಇನ್ನೂ ಏನೋ ಹೇಳಲು ಬಾಯಿ ತೆರೆದರು. ನಾವು ಆಗಲೇ ಮುಂದಿನವರ ಸ್ಲೇಟು ನೋಡುತ್ತಿದ್ದೆವು. ನಾಲ್ಕು ದಿನ ಆಯಿತು. ದೊಡ್ಡಕ್ಕ ಬರುವುದು ನಿಂತುಹೋಯಿತು.

ಮನೆಗೆ ಹೋದೆವು. ಬಾಗಿಲಲ್ಲೇ ನಿಂತು ಭಾಷಣ ಮಾಡಿದೆವು. ಓದು ಕಣ್ಣಿದ್ದ ಹಾಗೆ ಅಂದೆವು. ಹೆಬ್ಬೆಟ್ಟು ಒತ್ತುವುದು ನಾಚಿಕೆ ಅಂದೆವು. ದೊಡ್ಡಕ್ಕ "ಹೂಂ, ಹೂಂ" ಅಂದರು. ಅದು ಬೀಸೋ ಕಲ್ಲು ನುಂಗಿದ ಹೂಂ. ಎರಡನೇ ಸಲ ಹೋದಾಗ ಮತ್ತದೇ ಭಾಷಣ. ಅವರು ಬರಲಿಲ್ಲ. 'ಇವರಿಗೆ ಆಸಕ್ತಿ ಇಲ್ಲ' ಅಂತ ನಾವು ಅಂದುಕೊಂಡೆವು. ಹಾಗೆ ಅಂದುಕೊಳ್ಳುವುದು ಸುಲಭ.

ಮೂರನೇ ಸಲ ಹೋದಾಗ ಅವರು ಜಗುಲಿ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಆವತ್ತು ನಮಗೂ ದಣಿವಾಗಿತ್ತು. ಭಾಷಣ ಮಾಡಲು ತ್ರಾಣ ಇರಲಿಲ್ಲ. ಪಕ್ಕದಲ್ಲಿ ಕುಳಿತು ಕಾಯಿ ಸುಲಿಯತೊಡಗಿದೆವು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ದೊಡ್ಡಕ್ಕ ಸೆರಗಿಗೆ ಚುಚ್ಚಿದ್ದ ಸೂಜಿ ತೆಗೆದರು.

"ಇದಕ್ಕೊಸಿ ದಾರ ಪೋಣಿಸಿಕೊಡಿ" ಅಂದರು.

ಪೋಣಿಸಿಕೊಟ್ಟೆವು. "ನಿಮಗೆ ಆಗಲ್ವಾ ದೊಡ್ಡಕ್ಕ?" ಅಂತ ಕೇಳಿದೆವು. ಅಷ್ಟೇ ಕೇಳಿದ್ದು. ಮತ್ತೆ ಸುಮ್ಮನಾದೆವು.

"ಎರಡು ವರ್ಷ ಆಯ್ತು, ಆಗಲ್ಲ" ಅಂದರು. 

"ಹೂಂ."

"ಅಕ್ಕಿ ಆರಿಸುವಾಗ ಕಲ್ಲು ಕಾಣಲ್ಲ. ಊಟಕ್ಕೆ ಕೂತವರು ಬೈತಾರೆ. ದೂರದ್ದೆಲ್ಲ ಕಾಣ್ತದೆ. ಅಗೋ, ಆ ತೆಂಗಿನ ಮರದ ಕಾಯಿ ಎಣಿಸ್ತೀನಿ. ಹತ್ರದ್ದೇ ಕಾಣಲ್ಲ."

"ಮನೇಲಿ ಹೇಳಿದ್ರಾ?"

ಅದಕ್ಕೆ ತುಂಬ ಹೊತ್ತು ಉತ್ತರ ಬರಲಿಲ್ಲ. ನಾವು ಸುಲಿಯುತ್ತ ಕುಳಿತೆವು. ಆಮೇಲೆ ಬಂತು: "ಕಣ್ಣಿಲ್ದೋಳಿಗೆ ಓದು ಯಾಕೆ ಅಂತಾರೆ. ಅದಕ್ಕೇ ಬರೋದು ಬಿಟ್ಟೆ."

ಅದು ಚಾಳೀಸು. ನಲವತ್ತು ದಾಟಿದ ಮೇಲೆ ಹೆಚ್ಚುಕಡಿಮೆ ಎಲ್ಲರಿಗೂ ಬರುತ್ತದೆ. ಹಿಂದಿ, ಮರಾಠಿಯಲ್ಲಿ ನಲವತ್ತಕ್ಕೆ ಹೀಗೇ ಹೇಳುತ್ತಾರೆ. ಅದಕ್ಕೇ ಆ ಹೆಸರು. ಕಣ್ಣಿನ ಒಳಗೆ ಒಂದು ಮಸೂರ ಇದೆ. ವಯಸ್ಸಾದ ಹಾಗೆ ಅದು ಬಿರುಸಾಗುತ್ತದೆ. ಆಗ ಹತ್ತಿರದ ವಸ್ತು ಮಸುಕಾಗಿ ಕಾಣುತ್ತದೆ. ದೂರದ್ದು ಚೆನ್ನಾಗಿ ಕಾಣಬಹುದು. ಪುಸ್ತಕವನ್ನು ದೂರ ಹಿಡಿದು ಓದುವವರನ್ನು ನೀವು ನೋಡಿರುತ್ತೀರಿ. ಇದಕ್ಕೆ ಕನ್ನಡಕ ಸಾಕು. ತಾಲ್ಲೂಕು ಆಸ್ಪತ್ರೆಗೆ ಹೋಗಿ ಕಣ್ಣು ತೋರಿಸಿದೆವು. ಕನ್ನಡಕ ಬಂತು. ದೊಡ್ಡಕ್ಕ ಮೊದಲು ಓದಿದ್ದು ಪಾಠದ ಪುಸ್ತಕವನ್ನಲ್ಲ. ಬೆಂಕಿಪೊಟ್ಟಣದ ಮೇಲಿನ ಅಕ್ಷರ. ಅದನ್ನು ಮೂರು ಸಲ ಓದಿದರು.

'ಇರುವೆ ಹರಿದಂಗೆ' ಅಂದಾಗಲೇ ನಾವು "ಹೂಂ, ಯಾವಾಗಿಂದ?" ಅಂತ ಕೇಳಬಹುದಿತ್ತು. ಕೇಳಲಿಲ್ಲ. ಒಂದೂವರೆ ತಿಂಗಳು ದಂಡವಾಯಿತು. ಶಿಕ್ಷಕರ ತರಬೇತಿಯಲ್ಲಿ ನಮಗೆ ಕಪ್ಪು ಹಲಗೆ ಮೇಲೆ ಬರೆಯುವುದು ಕಲಿಸಿದರು. ಪ್ರಶ್ನೆ ಹಾಕುವುದು ಕಲಿಸಿದರು. ಗಟ್ಟಿಯಾಗಿ ಮಾತಾಡುವುದು ಕಲಿಸಿದರು. ಕೇಳುವುದಕ್ಕೆ ಒಂದು ಪೀರಿಯಡ್ಡೂ ಇರಲಿಲ್ಲ. ಗಾದೆ ಮಾಡಿದವರೂ 'ಮಾತು ಬಲ್ಲವನಿಗೆ ಜಗಳವಿಲ್ಲ' ಅಂದರು. ಕೇಳಲು ಬಲ್ಲವನ ಮಾತು ಎತ್ತಲೇ ಇಲ್ಲ.

ನಲ್ಲಿ ಹತ್ತಿರದ ಮಾತು

ಇದಾದ ಮೇಲೆ ನಾವು ಕೇಂದ್ರದಲ್ಲಿ ಒಂದು ಆಟ ಆಡಿಸುತ್ತೇವೆ. ಮೂರು ಜನ ಮುಂದೆ ಬರುತ್ತಾರೆ. ಕೈಯಲ್ಲಿ ಬಿಂದಿಗೆ. ಅದು ನಲ್ಲಿ ಅಂತ ಇಟ್ಟುಕೊಳ್ಳಿ. ಒಬ್ಬಳು ಎಂಟು ತಿಂಗಳ ಬಸುರಿ. ಅವಳ ಹೆಸರು ಬೇಡ, ತಂಗಿ ಅನ್ನೋಣ.

ತಂಗಿ: ಎರಡು ದಿನದಿಂದ ತಲೆ ಸಿಡೀತದೆ ಕಣಕ್ಕ.

ಮೊದಲನೆಯವರು: ಅಯ್ಯೋ, ನನ್ನ ತಲೆ ಕೇಳು! ನಿನ್ನೆ ಬಿಸಿಲಲ್ಲಿ ಹೊಲಕ್ಕೆ ಹೋಗಿ ಬಂದೆ. ರಾತ್ರಿಯೆಲ್ಲ ನಿದ್ದೆ ಇಲ್ಲ.

ಎರಡನೆಯವರು: ಬಸುರಿ ಅಂದ ಮೇಲೆ ಇದ್ದದ್ದೇ. ನನಗೂ ಮೂರು ಹೆರಿಗೇಲೂ ಹಿಂಗೇ ಆಗಿತ್ತು. ಶುಂಠಿ ಅರೆದು ಹಚ್ಕೋ.

ಮೊದಲನೆಯವರು: ಬಿಂದಿಗೆ ತುಂಬ್ತು, ತೆಗಿ ತೆಗಿ.

ಆಟ ಮುಗಿಯಿತು. ತಂಗಿ ಬಿಂದಿಗೆ ಎತ್ತಿಕೊಂಡು ಹೋಗುತ್ತಾಳೆ. ಎಲ್ಲರೂ ನಗುತ್ತಾರೆ. ಯಾಕೆಂದರೆ ನಮ್ಮ ನಮ್ಮ ನಲ್ಲಿ ಹತ್ತಿರವೂ ಇದೇ ನಡೆಯುತ್ತದೆ. ಆ ಇಬ್ಬರೂ ಕೆಟ್ಟವರಲ್ಲ. ಮೊದಲನೆಯವರು ತಂಗಿಯ ಮಾತನ್ನು ಕಿತ್ತುಕೊಂಡರು. ಎರಡನೆಯವರು ಮಾತು ಮುಗಿಯುವ ಮೊದಲೇ ಔಷಧಿ ಕೊಟ್ಟರು. ಪ್ರೀತಿಯಿಂದಲೇ ಕೊಟ್ಟರು.

ಈಗ ಅದೇ ಆಟ ಮತ್ತೊಮ್ಮೆ. ಈ ಸಲ ಒಬ್ಬರು ಬಿಂದಿಗೆ ಕೆಳಗಿಡುತ್ತಾರೆ. ತಂಗಿಯ ಕಡೆ ತಿರುಗುತ್ತಾರೆ.

ತಂಗಿ: ಎರಡು ದಿನದಿಂದ ತಲೆ ಸಿಡೀತದೆ ಕಣಕ್ಕ.

ಅಕ್ಕ: ಎರಡು ದಿನದಿಂದಾನಾ?

ತಂಗಿ: ಹೂಂ ಅಕ್ಕ. ಮಲಗಿ ಎದ್ದರೂ ಹೋಗಲ್ಲ.

ಅಕ್ಕ: ಹೂಂ... ಮತ್ತೆ?

ತಂಗಿ: ಕಣ್ಣು ಮುಂದೆ ಮಿಂಚಿದಂಗೆ ಆಯ್ತದೆ. ಒಂದೊಂದ್ಸಲ ಮಂಜು ಮಂಜು.

ಅಕ್ಕ: (ಸುಮ್ಮನೆ ತಂಗಿಯ ಮುಖ ನೋಡುತ್ತಾರೆ.)

ತಂಗಿ: ಬಳೆ ಬಿಗಿ ಆಗವೆ ಅಕ್ಕ. ಬೆಳಿಗ್ಗೆ ಅತ್ತೆ ನನ್ನ ಮುಖ ನೋಡಿ, ಊದ್ಕೊಂಡದೆ ಅಂದ್ರು.

ಇಲ್ಲಿ ಆಟ ನಿಲ್ಲಿಸುತ್ತೇವೆ. ಆಗ ಯಾರೂ ನಗುವುದಿಲ್ಲ. ಬಸುರಿಗೆ ಕಾಲು ಸ್ವಲ್ಪ ಊದುವುದು ಸಾಮಾನ್ಯ. ಆದರೆ ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈ ಊದುವುದು, ಎದೆಗೂಡಿನ ಕೆಳಗೆ ಹೊಟ್ಟೆ ನೋವು, ಇವು ಸಾಮಾನ್ಯ ಅಲ್ಲ. ರಕ್ತದ ಒತ್ತಡ ಏರಿರಬಹುದು. ಅದನ್ನೇ ನಾವು ಬಿ.ಪಿ. ಅನ್ನುತ್ತೇವೆ. 140/90 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಏರಿದೆ ಅಂತ ಲೆಕ್ಕ. ಐದು ತಿಂಗಳು ತುಂಬಿದ ಮೇಲೆ ಇದು ಬರಬಹುದು. ಬಿಟ್ಟರೆ ಫಿಟ್ಸ್ ಬರಬಹುದು. ತಾಯಿಯ ಜೀವಕ್ಕೂ ಮಗುವಿನ ಜೀವಕ್ಕೂ ಅಪಾಯ. ಶುಂಠಿಯಿಂದ ಇದು ಇಳಿಯುವುದಿಲ್ಲ. ನಾಳೆ ನೋಡೋಣ ಅನ್ನುವ ಹಾಗಿಲ್ಲ. ಆವತ್ತೇ ತಾಯಿ ಕಾರ್ಡು ತೆಗೆದುಕೊಂಡು ಆಸ್ಪತ್ರೆಗೆ ಹೋಗಬೇಕು. ಬಿ.ಪಿ. ನೋಡಿಸಬೇಕು, ಮೂತ್ರ ಪರೀಕ್ಷೆ ಮಾಡಿಸಬೇಕು. ಆಶಾ ಕಾರ್ಯಕರ್ತೆಗೆ ತಿಳಿಸಬೇಕು. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಆಂಬುಲೆನ್ಸಿಗೆ ದುಡ್ಡು ಕೊಡಬೇಕಾಗಿಲ್ಲ.

ಈಗ ಹಿಂದೆ ತಿರುಗಿ ನೋಡಿ. ಅಕ್ಕ ಏನು ಮಾಡಿದರು? ಡಾಕ್ಟರ ಹಾಗೆ ಏನೂ ಮಾಡಲಿಲ್ಲ. ತಂಗಿಯ ಮಾತಿನಲ್ಲೇ ಎರಡು ಪದ ತೆಗೆದು ತಿರುಗಿ ಕೇಳಿದರು. "ಎರಡು ದಿನದಿಂದಾನಾ?" ಆಮೇಲೆ "ಮತ್ತೆ?" ಅಂದರು. ಆಮೇಲೆ ಸುಮ್ಮನಿದ್ದರು. ಊದಿದ ಮುಖದ ಮಾತು ಬಂದದ್ದು ಆ ಸುಮ್ಮನಿದ್ದ ಹೊತ್ತಿನಲ್ಲಿ. ಜನ ಮೊದಲು ಸಣ್ಣ ಮಾತು ಹೇಳುತ್ತಾರೆ. ದೊಡ್ಡ ಮಾತು ಹಿಂದೆ ನಿಂತಿರುತ್ತದೆ. ಮುಂದಿನ ಮಾತಿಗೆ ಜಾಗ ಸಿಕ್ಕರೆ ಹಿಂದಿನದು ಹೊರಗೆ ಬರುತ್ತದೆ.

ಸುಮ್ಮನಿರುವುದು ನಮಗೆ ಕಷ್ಟ. ಎದುರಿನವರು ನಿಲ್ಲಿಸಿದ ತಕ್ಷಣ ಏನಾದರೂ ಅನ್ನಬೇಕು ಅನ್ನಿಸುತ್ತದೆ. ಮನಸ್ಸಿನಲ್ಲಿ ಒಂದು, ಎರಡು, ಮೂರು, ನಾಲ್ಕು, ಐದು ಎಣಿಸಿ. ಐದರ ಒಳಗೆ ಅವರೇ ಮಾತಾಡಿದರೂ ಮಾತಾಡಿಯಾರು. ಎಣಿಕೆ ಕಲಿತದ್ದಕ್ಕೆ ಇದೂ ಒಂದು ಉಪಯೋಗ!

ಕೈಯಲ್ಲಿ ಕೆಲಸ ಇದ್ದರೆ ತೊಂದರೆ ಇಲ್ಲ. ಅವರೆಕಾಯಿ ಸುಲಿಯುತ್ತಾ, ಹೂ ಕಟ್ಟುತ್ತಾ ಚೆನ್ನಾಗಿಯೇ ಕೇಳಬಹುದು. ಎದುರು ಬದುರು ಕೂತರೆ ನಾಚುವವರು ಪಕ್ಕದಲ್ಲಿ ಕೂತರೆ ಮಾತಾಡುತ್ತಾರೆ. ಮೊಬೈಲ್ ಮಾತ್ರ ಬೇರೆ. ಅದನ್ನು ನೋಡುತ್ತಾ ಹೂಂ ಅಂದರೆ ಅದು ನಿದ್ದೆಗಣ್ಣಿನ ಹೂಂ. ಮಕ್ಕಳಿಗೆ ಇದು ಬೇಗ ಗೊತ್ತಾಗುತ್ತದೆ. ಒಬ್ಬ ಹುಡುಗ ನಮ್ಮ ಹತ್ತಿರ ಬಂದು ಹೇಳಿದ: "ನಮ್ಮಪ್ಪ ಮೊಬೈಲ್ ಹಿಡ್ಕೊಂಡಾಗ ದುಡ್ಡು ಕೇಳಬೇಕು ಮಿಸ್. ಏನು ಕೇಳಿದ್ರೂ ಹೂಂ ಅಂತಾರೆ."

ಮಕ್ಕಳ ಮಾತು ಬಂತು, ಇದೊಂದು ಹೇಳುತ್ತೇವೆ. ಮಗು "ಸ್ಕೂಲಿಗೆ ಹೋಗಲ್ಲ" ಅನ್ನುತ್ತದೆ. ನಾವು "ಸೋಮಾರಿ" ಅನ್ನುತ್ತೇವೆ, ಬೆನ್ನಿಗೆ ಒಂದು ಕೊಡುತ್ತೇವೆ. ಅದು ಅಳುತ್ತಾ ಹೋಗುತ್ತದೆ. ಯಾಕೆ ಹೋಗಲ್ಲ ಅಂದಿತು ಅನ್ನುವುದು ಅದರ ಹೊಟ್ಟೆಯಲ್ಲೇ ಉಳಿಯಿತು. ದಾರಿಯಲ್ಲಿ ನಾಯಿ ಇರಬಹುದು. ದೊಡ್ಡ ಹುಡುಗರು ಹೊಡೆಯುತ್ತಿರಬಹುದು. ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲದೆ ಇರಬಹುದು. ಬೆಳೆದ ಹೆಣ್ಣುಮಕ್ಕಳಿಗೆ ಇದು ದೊಡ್ಡ ಕಷ್ಟ. "ಯಾಕೆ" ಅಂತ ಗದರಿದರೆ ಮಗು ಬಾಯಿ ಮುಚ್ಚುತ್ತದೆ. "ಸ್ಕೂಲಲ್ಲಿ ಏನಾಯ್ತು ಕಂದ?" ಅಂದರೆ ಬಾಯಿ ಬಿಡುತ್ತದೆ.

ಕಟ್ಟೆ ಮೇಲಿನ ಮಾತು

ಅಣ್ಣತಮ್ಮಂದಿರೇ, ಹೆಂಗಸರ ಮಾತೇ ಆಯಿತು ಅನ್ನಬೇಡಿ. ಅರಳಿ ಕಟ್ಟೆ ಮೇಲೆ ಗಂಡಸರು ಗಂಟೆಗಟ್ಟಲೆ ಮಾತಾಡುತ್ತಾರೆ. ಮಳೆ, ಬೆಲೆ, ಎಲೆಕ್ಷನ್ನು. ತನ್ನ ಮನಸ್ಸಿನ ಮಾತು ಮಾತ್ರ ಯಾರೂ ಆಡುವುದಿಲ್ಲ. ಆಡಿದರೂ ಒಂದೇ ಸಾಲು ಆಡುತ್ತಾರೆ. "ಸಾಕಾಗಿ ಹೋಯ್ತು ಕಣಣ್ಣ ಈ ಬದುಕು." ಸಾಲ ಇರುತ್ತದೆ. ಬೋರ್‌ವೆಲ್ ಬತ್ತಿರುತ್ತದೆ. ಪಕ್ಕದವರು ಬೆನ್ನು ತಟ್ಟುತ್ತಾರೆ. "ಗಂಡಸಾಗಿ ಹಿಂಗಂತೀಯಲ್ಲೋ, ಎಲ್ಲ ಸರಿಹೋಗ್ತದೆ ಬಿಡು" ಅನ್ನುತ್ತಾರೆ. ಅಲ್ಲಿಗೆ ಮಾತು ಮುಚ್ಚಿತು.

ಆ ಸಾಲು ಕಿವಿಗೆ ಬಿದ್ದರೆ ಬೀಡಿ ಆರಿಸಿ. ಅವನನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ. "ಸಾಕಾಗಿ ಹೋಯ್ತು ಅಂದ್ಯಲ್ಲ, ಏನು ಹೇಳಪ್ಪ" ಅನ್ನಿ. ಅವನು ಅತ್ತರೆ ಅಳಲಿ. ಅನುಮಾನ ಬಂದರೆ ನೇರವಾಗಿ ಕೇಳಿ: "ಜೀವ ಕಳ್ಕೊಳ್ಳೋ ಯೋಚನೆ ಬಂದಿದ್ಯಾ?" ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅಂತ ನಾವೂ ಹೆದರುತ್ತಿದ್ದೆವು. ಅದು ತಪ್ಪು. ಕೇಳಿದರೆ ಅವನ ಎದೆಯ ಭಾರ ಇಳಿಯುತ್ತದೆ. ಹೂಂ ಅಂದರೆ ಅವನನ್ನು ಒಂಟಿಯಾಗಿ ಬಿಡಬೇಡಿ. ಮನೆಯವರಿಗೆ ಹೇಳಿ, ಕ್ರಿಮಿನಾಶಕದ ಡಬ್ಬಿ ಅವನ ಕೈಗೆ ಸಿಗದ ಹಾಗೆ ಇಡಿಸಿ. ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ. ಟೆಲಿ ಮಾನಸ್ ಅನ್ನುವ ಸರ್ಕಾರದ ಸಹಾಯವಾಣಿ 2022ರ ಅಕ್ಟೋಬರಿನಲ್ಲಿ ಶುರುವಾಯಿತು. ನಂಬರು 14416. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಈ ಐದು ಅಂಕಿಗಳನ್ನು ಗೋಡೆಯ ಮೇಲೆ ಬರೆದಿಡಿ.

ಕೇಳುವುದರಲ್ಲಿ ಇನ್ನೊಂದು ಕಷ್ಟ ಇದೆ. ಕೇಳಿದ ಮೇಲೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಬೇಕು. ದೊಡ್ಡಕ್ಕ ನಮಗೆ ಹೇಳಿದ್ದನ್ನು ಇಲ್ಲಿ ಬರೆದಿದ್ದೇವೆ. ಅವರನ್ನು ಕೇಳಿಯೇ ಬರೆದಿದ್ದೇವೆ. "ಬರೀರಿ, ನನ್ನ ಹೆಸರು ಹಾಕಬೇಡಿ" ಅಂದರು. ಜೀವದ ಮಾತಾದರೆ ಸಹಾಯ ಮಾಡುವವರಿಗೆ ಹೇಳಲೇಬೇಕು. ಬೇರೆಯದನ್ನು ನಲ್ಲಿ ಹತ್ತಿರ ಬಿಚ್ಚಬಾರದು. ಒಮ್ಮೆ ಬಿಚ್ಚಿದರೆ ಆಯಿತು, ಆಮೇಲೆ ನಿಮಗೆ ಯಾರೂ ಏನೂ ಹೇಳುವುದಿಲ್ಲ.

ಹಾಗಾದರೆ ಎಲ್ಲ ಮಾತಿಗೂ ಹೂಂ ಅನ್ನಬೇಕೆ? ಬೇಡ. ಚಾಡಿ ಹೇಳುವವರಿಗೆ ಹೂಂ ಅಂದರೆ ಅವರ ಕಥೆಗೆ ಏಳು ರಾತ್ರಿ ಸಾಲದು. ಅಲ್ಲಿ ಅಜ್ಜಿಯ ಉಪಾಯವನ್ನು ತಿರುಗಿಸಿ. ಹೂಂ ನಿಲ್ಲಿಸಿ.

ಬುದ್ಧಿ ಹೇಳುವ ಆಸೆ ಎಲ್ಲರಿಗೂ ಇದೆ. ನಮಗಂತೂ ಜಾಸ್ತಿ. ಈಗ ಒಂದು ರೂಢಿ ಮಾಡಿಕೊಂಡಿದ್ದೇವೆ. ಮೊದಲೇ ಕೇಳಿಬಿಡುತ್ತೇವೆ: "ನಾನು ಸುಮ್ಮನೆ ಕೇಳಲಾ, ಇಲ್ಲ ಏನಾದರೂ ದಾರಿ ಹೇಳಲಾ?" ಮೊನ್ನೆ ದೊಡ್ಡಕ್ಕನ ಹತ್ತಿರ ಹೀಗೆ ಕೇಳಿದೆವು. ಅವರು ಕನ್ನಡಕವನ್ನು ಹಣೆಗೆ ಏರಿಸಿ ಅಂದರು: "ನೀವು ಸುಮ್ಕೆ ಕೂತ್ಕಳಿ ಟೀಚರಮ್ಮ. ಇವತ್ತು ಮಾತು ನಂದು."

ಅಭ್ಯಾಸ

1. ಈ ಪದಗಳನ್ನು ಓದಿ, ಬರೆಯಿರಿ: ಹೂಂ. ಆಮೇಲೆ. ಮತ್ತೆ. ಯಾವಾಗಿಂದ. ಕೇಳು. ಕಿವಿಗೊಡು. ಚಾಳೀಸು.

2. ಇಬ್ಬಿಬ್ಬರು ಜೋಡಿಯಾಗಿ ಕುಳಿತುಕೊಳ್ಳಿ. ಒಬ್ಬರು ನಿನ್ನೆ ನಡೆದದ್ದನ್ನು ಹೇಳಿ. ಇನ್ನೊಬ್ಬರು 'ಹೂಂ', 'ಆಮೇಲೆ?' ಎರಡನ್ನೇ ಅನ್ನಬೇಕು. ಬೇರೆ ಮಾತು ಬಂದರೆ ಸೋತ ಹಾಗೆ.

3. ಕೇಳಿದವರು ಈಗ ಕೇಳಿದ್ದನ್ನು ತಿರುಗಿ ಹೇಳಿ. 'ನೀನು ಹೇಳಿದ್ದು ಹೀಗೆ, ಸರಿಯಾ?' ಅಂತ ಕೇಳಿ. ಏನು ಬಿಟ್ಟುಹೋಯಿತು? ಹೇಳಿದವರೇ ತಿಳಿಸಲಿ.

4. ನಲ್ಲಿ ಹತ್ತಿರದ ಮಾತನ್ನು ಮೂರು ಜನ ಆಡಿ ತೋರಿಸಿ. ತಂಗಿ ಹೇಳಿದ ಅಪಾಯದ ಗುರುತುಗಳು ಯಾವುವು? ಒಂದೊಂದನ್ನೂ ಸ್ಲೇಟಿನ ಮೇಲೆ ಬರೆಯಿರಿ.

5. ಈ ಪುಸ್ತಕವನ್ನು ಎಷ್ಟು ದೂರ ಹಿಡಿದು ಓದಿದಿರಿ? ಪಕ್ಕದವರನ್ನೂ ಕೇಳಿ.